ಹುದಿಕೇರಿ ಬಸ್ಸಿನ ಚೆಕ್‌ಪೋಸ್ಟ್

ಶಾಲೆಯ ಬಸ್ಸಿಗೆ ಶಿಸ್ತು ತರುತ್ತೇನೆಂದು ಹೊರಟವರಿಗೆ ಏನೇನು ಆಗಬಾರದೋ ಅದೆಲ್ಲ ನನಗೆ ವಾರ ತಪ್ಪದೆ ಆಗುತ್ತಿರುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿ ಈ ಶಾಲೆಗೆ ಟೀಚರಾಗಿ ಬಂದವಳು. ಶುದ್ಧವಾದ ಇಂಗ್ಲಿಷ್, ನೇರವಾದ ಬೆನ್ನು, ಇಸ್ತ್ರಿ ಮಾಡಿದ ಕರವಸ್ತ್ರ ಇವು ಮೂರಿದ್ದರೆ ಜಗತ್ತನ್ನು ಆಳಬಹುದೆಂದು ಸಿಸ್ಟರುಗಳು ಹೇಳುತ್ತಿದ್ದರು. ಅವರು ಯಾರೂ ಹುದಿಕೇರಿ ಕಡೆಯ ಬಸ್ಸಿನಲ್ಲಿ ಕೂತವರಲ್ಲ.

ನಾನು ಈ ಬಸ್ಸಿಗೆ ಬಂದದ್ದು ಒಂದನೇ ತರಗತಿಯ ಒಬ್ಬ ಹುಡುಗಿಯ ಕಾರಣದಿಂದ. ಎಂಟನೇ ತರಗತಿಯ ಹುಡುಗನೊಬ್ಬ ಅವಳಿಗೆ ದಿನಾ ಕಾಟ ಕೊಡುತ್ತಿದ್ದ. ಬಸ್ಸು ಕಂಡರೆ ಸಾಕು, ಅವಳು ಮನೆಯ ಗೇಟನ್ನು ತಬ್ಬಿಕೊಂಡು ನಿಲ್ಲುತ್ತಿದ್ದಳು. ತಾಯಿಗೆ ಪಂಚಾಯಿತಿ ಆಫೀಸಿನಲ್ಲಿ ಕೆಲಸ, ದಿನಾ ಸ್ಕೂಟರಿನಲ್ಲಿ ಬಿಟ್ಟು ಬರಲು ಆಗುವುದಿಲ್ಲ. "ಇದು ನಿಲ್ಲದಿದ್ದರೆ ಇವಳನ್ನು ಕುಶಾಲನಗರದ ನನ್ನ ಅಕ್ಕನ ಮನೆಗೆ ಕಳಿಸಿ ಅಲ್ಲೇ ಶಾಲೆಗೆ ಸೇರಿಸುತ್ತೇನೆ ಮಿಸ್," ಎಂದಳು ತಾಯಿ, ಕಣ್ಣು ಒರೆಸಿಕೊಳ್ಳುತ್ತ. ಆರು ವರ್ಷದ ಮಗುವನ್ನು ತಾಯಿಯಿಂದ ಅಗಲಿಸುವುದೇ? ನಾನಿರುವಾಗ ಅದು ಸಾಧ್ಯವಿಲ್ಲ ಎಂದು ಮಾತು ಕೊಟ್ಟುಬಿಟ್ಟೆ.

ಬಿಲ್ಲಿಂಗ್

ಮೊದಲ ಕೆಲಸವಾಗಿ ಪೋಷಕರ ಸಭೆ ಕರೆದೆ. ಎದ್ದು ನಿಂತು ಸ್ಪಷ್ಟವಾದ ಉಚ್ಚಾರಣೆಯಲ್ಲಿ, "ಇನ್ನು ಮುಂದೆ ನಮ್ಮ ಬಸ್ಸಿನಲ್ಲಿ ಬುಲ್ಲಿಯಿಂಗ್ ಇರುವುದಿಲ್ಲ," ಎಂದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಚಪ್ಪಾಳೆ ತಟ್ಟಿ ಎದ್ದರು. "ಬಹಳ ಸಂತೋಷ ಮಿಸ್. ಬಿಲ್ಲಿಂಗ್ ಇಲ್ಲ ಅಂದ ಮೇಲೆ ಈಗಾಗಲೇ ಕಟ್ಟಿದ್ದು ವಾಪಸ್ ಬರ್ತದಾ?"

"ಬಿಲ್ಲಿಂಗ್ ಅಲ್ಲ, ಬುಲ್ಲಿಯಿಂಗ್. ದೊಡ್ಡವರು ಚಿಕ್ಕವರನ್ನು ಹೆದರಿಸಿ ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುವುದು," ಎಂದು ಬಿಡಿಸಿ ಹೇಳಿದೆ.

"ಅದೇ ಮಿಸ್," ಎಂದರು ಅವರು, "ನಾನೂ ಬಸ್ ಫೀಸಿನ ವಿಷಯವೇ ಹೇಳಿದ್ದು."

ಪಟ್ಟಿ

ಮರುದಿನದಿಂದ ನಾನೇ ಬಸ್ಸಿನ ಮುಂದಿನ ಕಿಟಕಿ ಸೀಟಿನಲ್ಲಿ ಕೂತೆ. ಮಧ್ಯದ ದಾರಿಗೆ ಕಾಲು ಚಾಚುವುದು ಆ ಹುಡುಗನ ಅಭ್ಯಾಸ. ಅಂದು ಸಂಜೆಯೇ ಚಿಕ್ಕವಳು ಅವನ ಕಾಲಿಗೆ ಎಡವಿ ಬಿದ್ದು ಮೊಣಕಾಲು ತರಚಿಕೊಂಡಳು. ರಕ್ತ ಕಂಡು ನಾನು ಗಟ್ಟಿಯಾಗಿ ಕೂಗಿದೆ: "ಡ್ರೈವರ್, ಪಟ್ಟಿ! ಪಟ್ಟಿ ಎಲ್ಲಿ?"

ಗಾಯಕ್ಕೆ ಕಟ್ಟುವ ಬಟ್ಟೆಯ ಪಟ್ಟಿಯನ್ನು ನಾನು ಕೇಳಿದ್ದು. ಆದರೆ ನಮ್ಮ ಡ್ರೈವರ್ ಮಲಯಾಳದವನು. ಅವನ ಭಾಷೆಯಲ್ಲಿ ಪಟ್ಟಿ ಎಂದರೆ ನಾಯಿ. ರಸ್ತೆಗೆ ನಾಯಿ ಅಡ್ಡ ಬಂತೆಂದು ತಿಳಿದು ಅವನು ಬ್ರೇಕನ್ನು ಮೆಟ್ಟಿದ ರಭಸಕ್ಕೆ ಇಡೀ ಬಸ್ಸು ಮುಗ್ಗರಿಸಿತು. ಅವನು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಎಲ್ಲಿ, ಎಲ್ಲಿ ಎಂದು ಹುಡುಕುತ್ತಿದ್ದ. "ಎವಿಡೆ ಮಿಸ್? ಪಟ್ಟಿ ಎವಿಡೆ?"

"ನಾಯಿಯಲ್ಲ! ಮೊಣಕಾಲಿಗೆ ಪಟ್ಟಿ!"

"ಅಯ್ಯೋ, ಕಚ್ಚಿಯೇ ಬಿಡ್ತಾ?" ಎಂದು ಅವನು ಬಸ್ಸನ್ನು ನೇರವಾಗಿ ಆಸ್ಪತ್ರೆಗೆ ತಿರುಗಿಸಿದ. ಅಷ್ಟರಲ್ಲಿ ಬ್ರೇಕಿನ ಹೊಡೆತಕ್ಕೆ ನನ್ನ ಹಣೆಯೂ ಊದಿಕೊಂಡಿದ್ದುದರಿಂದ ನಾನು ಬೇಡವೆನ್ನಲಿಲ್ಲ.

ಚೆಕ್‌ಪೋಸ್ಟ್

ಕಾಲು ಚಾಚುವುದು ಯಾಕೆಂದು ಆಮೇಲೆ ತಿಳಿಯಿತು. ಹುಡುಗ ಅಲ್ಲೊಂದು ಚೆಕ್‌ಪೋಸ್ಟ್ ಇಟ್ಟಿದ್ದ. ಕಾಲೇ ಗೇಟು. ಚಿಕ್ಕವರು ಟಿಫಿನ್ ಡಬ್ಬಿ ತೆರೆದು ತೋರಿಸಬೇಕು, ಇಷ್ಟವಾದದ್ದನ್ನು ಅವನು ಎತ್ತಿಕೊಳ್ಳುತ್ತಾನೆ. ಆ ಹುಡುಗಿಯ ಡಬ್ಬಿಯಿಂದ ಅಕ್ಕಿತರಿ, ತೆಂಗಿನತುರಿ ಹಾಕಿ ಬೇಯಿಸಿದ ಪಾಪುಟ್ಟನ್ನು ಬಾಯಿಗೆ ಹಾಕಿಕೊಳ್ಳುತ್ತಿರುವಾಗಲೇ ಅವನನ್ನು ಹಿಡಿದೆ.

"ಇದೇನು?"

"ತಪಾಸಣೆ ಮಿಸ್. ಕಾಡಿನ ಗೇಟಿನಲ್ಲಿ ಎಲ್ಲರದ್ದೂ ನೋಡ್ತಾರಲ್ಲ, ಹಾಗೆ."

"ಅವರು ನೋಡುತ್ತಾರೆ, ತಿನ್ನುವುದಿಲ್ಲ. ಕ್ಷಮೆ ಕೇಳು. ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯದಲ್ಲಿ."

ಅವನು ಎದ್ದು ನಿಂತು, ಕೈ ಕಟ್ಟಿ, ಒಂದೂ ತಪ್ಪಿಲ್ಲದೆ ಕ್ಷಮೆ ಕೇಳಿದ. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಹುಡುಗಿ ನನ್ನ ಸೆರಗು ಜಗ್ಗಿದಳು. "ಮಿಸ್, ನಾಳೆಯಿಂದ ತೆಗೆಯೋದಿಲ್ವಾ ಅಂತ ಕೇಳಿ."

ಕೇಳಿದೆ. ಹುಡುಗ ಸ್ವಲ್ಪ ಯೋಚಿಸಿ ಹೇಳಿದ: "ನಾಳೆ ಏನು ತರ್ತಾಳೆ ಅಂತ ಮೊದಲು ಹೇಳಲಿ ಮಿಸ್."

ವರಸೆ

ನಾನು ಅವನ ಮನೆಗೆ ಫೋನು ಮಾಡಿದೆ. ಅವನು ತಾಯಿಯ ತಾಯಿಯ ಮನೆಯಲ್ಲಿದ್ದು ಓದುತ್ತಿದ್ದ. ಮರುದಿನ ಬೆಳಿಗ್ಗೆ ಅವನ ಜೊತೆ ಅಜ್ಜಿಯೂ ಕೊಡೆ ಹಿಡಿದು ಬಸ್ಸು ಹತ್ತಿದರು. "ನನ್ನ ಮೊಮ್ಮಗ ಇನ್ನೊಬ್ಬರ ಪುಟ್ಟು ಕದಿಯುವವನಾ? ಆ ಹುಡುಗಿಯನ್ನು ತೋರಿಸು!"

ಹುಡುಗಿಯ ಮನೆ ಬಂತು. ಅವಳು ಎಂದಿನಂತೆ ಗೇಟನ್ನು ತಬ್ಬಿ ನಿಂತಿದ್ದಳು. ಪಕ್ಕದಲ್ಲಿ ತಾಯಿ. "ಸಾಕು ಮಿಸ್. ಭಾನುವಾರ ಕುಶಾಲನಗರಕ್ಕೆ ಬಿಟ್ಟು ಬರ್ತೇನೆ," ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಇಳಿದು ಕೊಡೆಯ ತುದಿಯನ್ನು ತಾಯಿಯ ಕಡೆ ಚಾಚಿದರು. ಜಗಳಕ್ಕೆ ಮೊದಲು ಎದುರಿನವರು ಯಾರೆಂದು ವಿಚಾರಿಸಿಕೊಳ್ಳುವುದು ನಮ್ಮ ಕಡೆಯ ಮರ್ಯಾದೆ. "ನೀನು ಯಾರ ಮಗಳು? ತಾಯಿಯ ತವರು ಯಾವುದು?"

ತಾಯಿ ಹೇಳಿದಳು. ಅಜ್ಜಿಯ ಕೊಡೆ ಕೆಳಗಿಳಿಯಿತು.

"ಅಯ್ಯೋ ಕುಂಞಿ, ನನ್ನ ಮಗುವೇ! ನಿನ್ನ ಅಮ್ಮ ನನ್ನ ಅವ್ವನ ಕೊನೆಯ ತಂಗಿಯಲ್ಲವಾ! ಅಂದರೆ ನೀನು ನನಗೆ ತಂಗಿ. ನಿನ್ನ ಮಗಳು ನನ್ನ ಮಗಳಿಗೆ ತಂಗಿ." ಅವರು ಬಸ್ಸಿನ ಕಡೆ ತಿರುಗಿ ಗುಡುಗಿದರು: "ಏಯ್, ಇಳಿದು ಬಾ! ಇವಳು ನಿನಗೆ ಕುಂಞವ್ವ! ಚಿಕ್ಕಮ್ಮನ ಪುಟ್ಟು ಕದೀತೀಯಾ? ಕಾಲು ಮುಟ್ಟು!"

"ಅಜ್ಜಿ, ಅವಳು ಒಂದನೇ ಕ್ಲಾಸು!"

"ಕ್ಲಾಸು ಶಾಲೆಯಲ್ಲಿ. ರಸ್ತೆಯಲ್ಲಿ ವರಸೆ."

ಇಡೀ ಬಸ್ಸು ಒಂದೇ ಕಡೆಯ ಕಿಟಕಿಗಳಿಗೆ ಬಂದು ವಾಲಿತು. ಹುಡುಗ ಬಗ್ಗಿ, ಎರಡು ಜಡೆಯ ಆ ಚಿಕ್ಕಮ್ಮನ ಶೂ ಮುಟ್ಟಿದ. ಅವಳು ಗೇಟನ್ನು ಬಿಟ್ಟಳು. ಒಂದು ಕ್ಷಣ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬೆನ್ನಿನ ಬ್ಯಾಗನ್ನು ಬಿಚ್ಚಿ ಅವನ ಕೈಗೆ ಕೊಟ್ಟು, ಯಾರೂ ಹೇಳದೆಯೇ ಬಸ್ಸು ಹತ್ತಿದಳು. ತಾಯಿ ನಗುತ್ತ ಅಳುತ್ತ ಅಲ್ಲೇ ನಿಂತಳು. ಕುಶಾಲನಗರದ ಮಾತು ಮತ್ತೆ ಬರಲಿಲ್ಲ.

ನಾನು ಅಷ್ಟಕ್ಕೆ ಬಸ್ಸು ಬಿಡಿಸಬೇಕಿತ್ತು. ಆದರೆ ಅಜ್ಜಿ ನನ್ನ ಕಡೆ ತಿರುಗಿದರು. "ಇಷ್ಟು ಬಿಗಿಯಾಗಿದ್ದೀಯಲ್ಲ, ನೀನು ಯಾರ ಮಗಳು?" ನಾನು ಘನತೆಯಿಂದ ಹೇಳಿದೆ. ಅವರು ಕಣ್ಣು ಮುಚ್ಚಿ, ನನ್ನ ತಾಯಿ, ತಾಯಿಯ ತಾಯಿ ಎಂದು ಘಟ್ಟದ ರಸ್ತೆಯ ಹಾಗೆ ತಿರುವು ತಿರುವಾಗಿ ಇಳಿದರು. ಕೊನೆಗೆ ಕಣ್ಣು ಬಿಟ್ಟು ನಕ್ಕರು. ಹೋಗುವ ಮೊದಲು ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿಯ ಕಿವಿಯಲ್ಲಿ ಏನೋ ಉಸುರಿದರು.

ಮರುದಿನ ಆ ಹುಡುಗಿ ಬಸ್ಸು ಬರುವ ಮೊದಲೇ ರಸ್ತೆಯಲ್ಲಿ ನಿಂತಿದ್ದಳು. ಹತ್ತಿದವಳು ನೇರವಾಗಿ ನನ್ನ ಸೀಟಿನ ಮುಂದೆ ಬಂದು ನಿಂತಳು.

"ಮಿಸ್, ನಾನು ನಿಮಗೂ ಕುಂಞವ್ವ ಅಂತೆ. ಕಿಟಕಿ ನನಗೆ."

ಹಿರಿಯರು ಬಂದಾಗ ಎದ್ದು ಜಾಗ ಬಿಡಬೇಕೆಂದು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದಾರೆ. ಬೆನ್ನು ನೇರ ಮಾಡಿಕೊಂಡು ಎದ್ದೆ.

ಹಿಂದಿನ ಸೀಟಿನಿಂದ ಆ ಹುಡುಗ ಕೂಗಿದ: "ಮಿಸ್, ಬ್ಯಾಗೂ ನೀವೇ ಹಿಡ್ಕೊಳ್ಳಿ. ನಿನ್ನೆ ನಾನು ಹಿಡಿದಿದ್ದೆ!"