ಸ್ಟೇಷನ್ ದಾಟದ ಅಣ್ಣ

ಸಿಂಚನಾ, ತೇಜಸ್, ಮೊನ್ನೆ ನನ್ನ ಟ್ರಂಕಿನಲ್ಲಿದ್ದ ಹಳೇ ಚಿತ್ರದ ಕಾರ್ಡು ಹಿಡಿದು "ಇದು ಯಾರ ಮನೆ ಅಜ್ಜಿ?" ಎಂದಿರಲ್ಲ, ಆಗ ಸುಮ್ಮನೆ ನಕ್ಕುಬಿಟ್ಟೆ. ಬಾಯಲ್ಲಿ ಹೇಳಲು ನನಗೆ ಸಂಕೋಚ, ಬರೆದರೆ ವಾಸಿ. ಅದು ನಮ್ಮ ಹೊಳೆನರಸೀಪುರದ ಹಳೇ ರೈಲ್ವೆ ಸ್ಟೇಷನ್. ಮಹಾರಾಜರ ಕಾಲದ್ದು. ಈಗಿಲ್ಲ. ಯಾರೋ ಅದರ ಫೋಟೋ ತೆಗೆದು ಕಾರ್ಡು ಅಚ್ಚು ಹಾಕಿಸಿ ಮಾರುತ್ತಿದ್ದಾಗ ನನ್ನ ಅಣ್ಣ ಕೊಂಡದ್ದು.

ಈ ಅಣ್ಣ ಪ್ರತಿ ವರ್ಷ ಹೊಳೆನರಸೀಪುರಕ್ಕೆ ಬರುತ್ತಿದ್ದ, ಆದರೆ ಊರನ್ನೇ ನೋಡಿರಲಿಲ್ಲ ಎಂದರೆ ನಂಬುತ್ತೀರಾ? ಅಪ್ಪ ಅವ್ವ ತೀರಿಕೊಂಡ ಮೇಲೆ ಅವನು ಹಾಸನದ ಅಕ್ಕಿ ಗಿರಣಿಯೊಂದರ ಕೋಣೆಯಲ್ಲಿ ಒಂಟಿಯಾಗಿದ್ದ. ಗೌರಿಹಬ್ಬದ ಹಿಂದಿನ ದಿನ ನನಗೆ ತವರಿನ ಬಾಗಿನ ಹೊತ್ತು ರೈಲಿಳಿದವನು ಪ್ಲಾಟ್‌ಫಾರಮ್ಮಿನ ಬೆಂಚಿಗೆ ಅಂಟಿಕೊಂಡನೆಂದರೆ ಮುಗಿಯಿತು! ನಾನೇ ಹೋಗಿ ಮೊರ ಇಸಿದುಕೊಳ್ಳಬೇಕು. ಊರ ಹೆಣ್ಣುಮಕ್ಕಳಿಗೆಲ್ಲ ಬಾಗಿನ ಮನೆ ಬಾಗಿಲಿಗೆ. ನನಗೆ ಮಾತ್ರ ಗೂಡ್ಸಿನ ಹಾಗೆ ಸ್ಟೇಷನ್ನಿಗೆ!

ಮನೆಗೆ ಕರೆದರೆ ಒಂದು ವರ್ಷ "ವಾಪಸ್ ರೈಲು ತಪ್ಪೋಯ್ತದೆ." ಇನ್ನೊಂದು ವರ್ಷ "ಒಸಾ ಚಪ್ಲಿ ಕಣವ್ವ, ಕಚ್ತವೆ." ನಿಮ್ಮ ತಾತ ಒಮ್ಮೆ ಕೈ ಹಿಡಿದೇ ಎಳೆದರು. ಅಣ್ಣ ಇನ್ನೊಂದು ಕೈಯಲ್ಲಿ ಬೆಂಚು ಹಿಡಿದ. ಸ್ಟೇಷನ್ ಮಾಸ್ತರು ಓಡಿಬಂದು, "ಭಾವನ್ನ ಎಳ್ಕೊಂಡೋಗಿ ಸ್ವಾಮಿ, ಬೆಂಚು ಬಿಟ್ಬಿಡಿ. ಅದು ಸರ್ಕಾರದ್ದು!" ಎಂದರು.

ನಮ್ಮತ್ತೆಯಂತೂ ಹಬ್ಬ ಮುಗಿಯುವವರೆಗೂ, "ನಮ್ಮನೆ ನೀರು ಗಂಟ್ಲಲ್ಲಿ ಇಳಿಯಾಕಿಲ್ವಾ ನಿಮ್ಮಣ್ಣಂಗೆ?" ಎಂದು ಚುಚ್ಚುವರು. ನನ್ನ ಮುಖ ಸಣ್ಣದಾಗುತ್ತಿತ್ತು.

ಅಣ್ಣನಿಗೆ ಅದರ ಪರಿವೆಯೇ ಇಲ್ಲ. ಟವೆಲಿನಲ್ಲಿ ಬೆಂಚು ಒರೆಸಿ, "ಬಾ ಕೂಸೇ, ಒಳಕ್ ಬಾ" ಎನ್ನುತ್ತಿದ್ದ. ನಾಲ್ಕೂ ಕಡೆ ಬಯಲು, ಎಲ್ಲಿಯ ಒಳಗೆ! ಕಾಫಿ, ವಡೆ ತರಿಸುತ್ತಿದ್ದ. ಒಂದು ಸಲ ನಾನು ಕಡುಬು ಕಟ್ಟಿಕೊಂಡು ಹೋದದ್ದಕ್ಕೆ ಕೆಂಡವಾದ. "ಇಲ್ಲಿಗ್ ಬರಕ್ಕೂ ಒಲೆ ಮುಂದೆ ಕುಂತಿದ್ಯಾ? ಮಡಗತ್ಲಾಗೆ!" ಬೈದಾದ ಮೇಲೆ ಕಡುಬೆಲ್ಲ ಅವನೇ ತಿಂದ, ಆ ಮಾತು ಬೇರೆ.

ಆಮೇಲೊಂದು ವರ್ಷ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಲೆಂದು ರೈಲಿನ ಓಡಾಟವೇ ನಿಂತಿತು. ಹಳೇ ಕಟ್ಟಡ ಕೆಡವಿದರು. ನನಗೋ ಒಳಗೊಳಗೇ ಖುಷಿ! ಬಸ್ ಸ್ಟ್ಯಾಂಡ್ ನಮ್ಮ ಬೀದಿಯ ತುದಿಯಲ್ಲೇ, ಇನ್ನೆಲ್ಲಿ ತಪ್ಪಿಸಿಕೊಳ್ಳುತ್ತಾನೆ? ಹಬ್ಬದ ಹಿಂದಿನ ದಿನ ಬಾಗಿಲಲ್ಲೇ ಕಾದೆ. ಹಾಲಿನವಳು ಬಂದು, "ಅಕ್ಕಾ, ನಿಮ್ಮಣ್ಣಾರು ಸ್ಟೇಷನ್ ತಾವ ಕಲ್ ಮ್ಯಾಲೆ ಕುಂತವ್ರೆ" ಎಂದಳು.

ಹೋದೆ. ಇಟ್ಟಿಗೆ ರಾಶಿಯ ಪಕ್ಕ ಅಣ್ಣ. ಬಾಗಿನದ ಮೊರಕ್ಕೆ ಒರಗಿಸಿದ್ದ ಇದೇ ಕಾರ್ಡು. ಇನ್ನೊಂದು ಕಲ್ಲು ಒರೆಸಿ, "ಬಾ ಕೂಸೇ, ಒಳಕ್ ಬಾ" ಎಂದ.

ನನಗೆ ರೇಗಿತು. "ಜನ ನಗ್ತಾರೆ ಕಣಣ್ಣ! ನಮ್ಮನೇಗ್ ಬಂದ್ರೆ ನಿಂಗೇನ್ ಕಷ್ಟ?"

ಅಣ್ಣ ಕಾರ್ಡನ್ನೇ ನೋಡುತ್ತ ಹೇಳಿದ: "ಅಲ್ಲಿ ನಾನು ನೆಂಟ, ನೀನು ಮಾಡಿಕ್ಬೇಕು. ನಿನ್ನ ಕರ್ಕೊಂಡೋಗಕ್ಕೆ ನಂಗೊಂದು ಮನೆಯಿಲ್ಲ. ಇಲ್ಲಾದ್ರೆ ನಾನು ತರ್ಸಿಕೊಡ್ತೀನಿ, ನೀನು ಕುಂತ್ಕಂಡು ತಿಂತೀಯ. ವರ್ಸಕ್ಕೊಂದ್ ಸಲನಾದ್ರೂ ತವರು ಬ್ಯಾಡ್ವೇನವ್ವ ನಿಂಗೆ?"

ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ. ಆರಿಹೋಗಿತ್ತು. ಕಲ್ಲಿನ ಮೇಲೆ ಕೂತು ಪೂರ್ತಿ ಕುಡಿದೆ.

ಈಗ ಅಣ್ಣನೂ ಇಲ್ಲ. ಯಾರ ಮನೆ ಎಂದು ಕೇಳಿದಿರಲ್ಲ ಮಕ್ಕಳೇ, ನನ್ನ ತವರುಮನೆ ಅದು. ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ಮಡಿಸಬೇಡಿ, ನೆನೆಸಬೇಡಿ. ಜೋಪಾನ ಮಾಡಿ.