ಬೋರ್ಡಿನವಳಿಗೆ ನಂಬರಿಲ್ಲ

ಟೆಲಿಫೋನ್ ಬೋರ್ಡಿನ ಎದುರು ಕೂತವಳಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಅದನ್ನು ಹೇಳಿ ನಗಲಿಕ್ಕೆ ಪಕ್ಕದಲ್ಲಿ ಒಂದು ಜನ ಬೇಕಲ್ಲ, ಅದು ನನಗೆ ಇರಲಿಲ್ಲ.

ಎಪ್ಪತ್ತರ ದಶಕ. ಹಂಪನಕಟ್ಟೆಯ ಒಂದು ಕಟ್ಟಡದ ಮೆಟ್ಟಿಲಿನ ಅಡಿಯ ಗೂಡಿನಲ್ಲಿ ನಾನು ಆಪರೇಟರ್. ಎಕ್ಸ್‌ಚೇಂಜಿನವರು ಇಡೀ ಕಟ್ಟಡಕ್ಕೆ ಕೊಟ್ಟದ್ದು ಒಂದೇ ನಂಬರು. ಒಳಗೆ ಅದನ್ನು ನಾವೇ ಪಾಲು ಮಾಡಿಕೊಂಡಿದ್ದೆವು: ಹತ್ತರ ಸಾಲು ಕೆಳಗಿನ ಹೋಟೆಲಿಗೆ, ಇಪ್ಪತ್ತರ ಸಾಲು ಬಟ್ಟೆ ಅಂಗಡಿಗೆ, ಮೂವತ್ತರದ್ದು ಮಾಳಿಗೆಯ ವಕೀಲರಿಗೆ. ಯಾವ ನಂಬರಿನ ಹಿಂದೆ ಯಾರು ಉಂಟು ಅಂತ ಎಕ್ಸ್‌ಚೇಂಜಿಗೂ ಗೊತ್ತಿಲ್ಲ. ಅದು ಇದ್ದದ್ದು ನನ್ನ ತಲೆಯಲ್ಲಿ ಮಾತ್ರ.

ಕೆಮ್ಮಿನ ಗುರುತು

ಕಾವೂರಿನಿಂದ ಒಬ್ಬರು ಫೋನ್ ಮಾಡಿದರು. "ಈ ನಂಬರಿಗೆ ಮಾಡಿ ಅಂತ ನಮ್ಮ ಮನೆಗೆ ಫೋನ್ ಬಂದಿತ್ತು. ಯಾರು ಮಾಡಿದ್ದು?"

"ಹೆಸರು ಎಂತ ಹೇಳಿದ್ರು?"

"ಹೆಸರು ಹೇಳ್ಲಿಲ್ಲ. ಹೇಳ್ಲಿಕ್ಕೆ ಹೋಗಿ ಕೆಮ್ಮು ಬಂತು, ಇಟ್ರು."

ನನಗೆ ರೇಗಿತು. ಕಟ್ಟಡ ತುಂಬ ಜನ, ಯಾರು ಅಂತ ಹೇಳುವುದು? "ಕೆಮ್ಮು ಹೇಗಿತ್ತು ಮಾರಾಯ್ರೆ?" ಅಂದೆ, ಸಿಟ್ಟಿನಲ್ಲೇ. ಪಾಪ, ಅವರು ನಿಜಕ್ಕೂ ಕೆಮ್ಮಿ ತೋರಿಸಿದರು. ಮೊದಲು ಎರಡು ಸಣ್ಣದು, ಕೊನೆಗೆ ಒಂದು ಉದ್ದದ್ದು.

"ಅದು ವಕೀಲರು, ಕೊಡ್ತೇನೆ" ಅಂತ ಮೂವತ್ತೊಂದಕ್ಕೆ ಜೋಡಿಸಿದೆ. ಎಲ್ಲರ ಕೆಮ್ಮು ನನಗೆ ಗೊತ್ತಿತ್ತು. ನನಗೆ ಕೆಮ್ಮು ಬಂದರೆ ಮಾತ್ರ, ಯಾರದ್ದು ಅಂತ ಕೇಳುವವರು ಒಬ್ಬರೂ ಇಲ್ಲ.

ಗೋಳಿಬಜೆ

ಕಟ್ಟಡವೂ ಹೋಟೆಲೂ ಒಬ್ಬರೇ ಧಣಿಗಳದ್ದು. ಬಟ್ಟೆ ಅಂಗಡಿ ಒಬ್ಬರು ಬ್ಯಾರಿ ಕಾಕನದ್ದು. ಕಾಕನ ತಮ್ಮ ದುಬೈಯಲ್ಲಿ. ಅವನ ಫೋನಿಗೆ ಬೇರೆ ಲೈನು ಬೇಕು ಅಂತ ಕಾಕ ಕೇಳಿದರು, ಧಣಿಗಳು ಹೋಟೆಲಿನ ಹನ್ನೆರಡನ್ನು ಎತ್ತಿ ಕೊಟ್ಟುಬಿಟ್ಟರು. ನನಗೊಂದು ಮಾತು ಹೇಳಬೇಕಾ ಬೇಡವಾ? ಹತ್ತರ ಸಾಲೆಂದರೆ ಹೋಟೆಲು ಅಂತ ನಾನು ತಿಂಡಿಗೆ ಫೋನ್ ಮಾಡಿದವರನ್ನೆಲ್ಲ ಹನ್ನೆರಡಕ್ಕೇ ಕೊಡುತ್ತಾ ಹೋದೆ.

ಕಾಕ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಜನ ಅಲ್ಲ. ಗೋಳಿಬಜೆ ಕೇಳಿದವರಿಗೆ "ಉಂಟು, ಉಂಟು" ಅಂತ ಹೇಳಿ, ಕೆಳಗಿನ ಹೋಟೆಲಿನಿಂದಲೇ ತರಿಸಿ, ಕಟ್ಟಿ ಕಳಿಸಿದರು.

ಧಣಿಗಳು ಹೌಹಾರಿ ಓಡಿ ಬಂದರು. "ಎಂತ ಕಾಕ, ನನ್ನ ಗೋಳಿಬಜೆ ನೀವು ಮಾರೂದಾ?"

"ನಾನೆಂತ ಮಾಡ್ಲಿ ಧಣಿಗಳೇ? ಲೈನು ಕೊಡುವಾಗ ಗಿರಾಕಿಗಳನ್ನು ನೀವು ತೆಗೆದಿಟ್ಟುಕೊಳ್ಳಲಿಲ್ಲ."

ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಟ್ಟಿಗೆ ಚಾ ಕುಡಿಯಲಿಕ್ಕೆ ಹೋದರು. ನಾನು ಗೂಡಿನಲ್ಲಿ ಬುತ್ತಿ ಬಿಚ್ಚಿದೆ.

ಧಣಿಗಳು ಹುಡುಕಿದ್ದು

ಜೆಪ್ಪುವಿನಲ್ಲಿ ನನ್ನದೊಂದು ಬಾಡಿಗೆ ಕೋಣೆ, ಫೋನಿಲ್ಲ. ಜ್ವರ ಬಂದು ಬಿದ್ದರೆ ಯಾರಿಗೆ ಗೊತ್ತಾಗಬೇಕು ಅಂತ ಮೊದಲಿನಿಂದಲೂ ಹೆದರಿಕೆ ಇತ್ತು. ಒಮ್ಮೆ ಬಿದ್ದೇ ಬಿಟ್ಟೆ. ಯಾರೂ ಬರಲಿಲ್ಲ. ಗಂಜಿ ನಾನೇ ಬೇಯಿಸಿಕೊಂಡೆ, ಅಳುತ್ತಾ ಮಲಗಿದೆ. ಎದ್ದು ಓಡಾಡುವ ಹಾಗಾದ ಮೇಲೆ ಕೆಲಸಕ್ಕೆ ಹೋದರೆ, ಕಾಕ ಕತೆ ಹೇಳಿದರು.

ನಾನಿಲ್ಲದೆ ಕಟ್ಟಡದಲ್ಲಿ ಯಾರ ಫೋನು ಯಾರಿಗೋ. ನನ್ನ ಮನೆ ಯಾರಿಗೂ ಗೊತ್ತಿಲ್ಲ. ಕಾಕನನ್ನು ಬೋರ್ಡಿನ ಎದುರು ಕೂರಿಸಿ, ಧಣಿಗಳು ಪಕ್ಕದ ಔಷಧದ ಅಂಗಡಿಯಿಂದ ಎಕ್ಸ್‌ಚೇಂಜಿಗೆ ಫೋನ್ ಮಾಡಿದರಂತೆ: "ಈ ನಂಬರಿನ ಬೋರ್ಡಿನಲ್ಲಿ ಕೂರುವವರ ಮನೆ ಎಲ್ಲಿ?"

"ನಿಮ್ಮ ಕಟ್ಟಡದ ಒಳಗಿನದ್ದು ನಮಗೆ ಗೊತ್ತಿಲ್ಲ. ಅದು ಅಲ್ಲಿಯ ಆಪರೇಟರಿಗೇ ಗೊತ್ತು. ಕೊಡ್ತೇನೆ, ಕೇಳಿ."

ಬೋರ್ಡಿನಲ್ಲಿ ಗಂಟೆ ಬಡಿಯಿತು. ಕಾಕ ಎತ್ತಿದರು.

"ಆಪರೇಟರ್ ಇದ್ದಾರಾ?" ಅಂತ ಧಣಿಗಳು.

ನನ್ನ ಹಾಗೆ ಸ್ವರದ ಗುರುತು ಕಾಕನಿಗೆ ಎಲ್ಲಿಂದ? "ಇಲ್ಲ ಮಾರಾಯ್ರೆ. ನಮ್ಮ ಧಣಿಗಳು ಹುಡುಕ್ಲಿಕ್ಕೆ ಹೋಗಿದ್ದಾರೆ. ಸ್ವಲ್ಪ ಹೊತ್ತು ಬಿಟ್ಟು ಮಾಡಿ."

ಧಣಿಗಳು ಸ್ವಲ್ಪ ಹೊತ್ತು ಬಿಟ್ಟು ಪುನಃ ಮಾಡಿದರಂತೆ!

ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಹುಡುಕಿದ್ದರಲ್ಲ, ಅಷ್ಟು ಸಾಕು.

ನಲವತ್ತು

ಧಣಿಗಳಿಗೆ ಏನನ್ನಿಸಿತೋ. "ನಿಮಗೂ ಒಂದು ನಂಬರು ಇರ್ಲಿ" ಅಂತ ನನ್ನ ಮೇಜಿನ ಮೇಲೆ ಬೇರೆಯೇ ಫೋನು ಇಡಿಸಿದರು. ನಲವತ್ತು. ಎಷ್ಟೋ ಸಮಯ ಅದಕ್ಕೆ ಫೋನೇ ಬರಲಿಲ್ಲ. ನಾನು ದಿನಾ ಧೂಳು ಒರೆಸುತ್ತಿದ್ದೆ.

ಒಂದು ಮಧ್ಯಾಹ್ನ ಬೋರ್ಡಿನ ತುಂಬ ಫೋನು, ನನಗೆ ಉಸಿರಾಡಲಿಕ್ಕೆ ಪುರುಸೊತ್ತಿಲ್ಲ. ಅದರ ನಡುವೆ ಕಾಕ, "ನಲವತ್ತು ಕೊಡಿ" ಅಂದರು. ಕೊಟ್ಟೆ. ಪಕ್ಕದಲ್ಲೇ ಒಂದು ಫೋನು ಬಡಿದುಕೊಳ್ಳಲಿಕ್ಕೆ ಶುರುವಾಯಿತು. ಬಡಿಯಿತು, ಬಡಿಯಿತು. ಯಾರಪ್ಪಾ ಈ ಸೋಮಾರಿ ಅಂತ ಬೈದುಕೊಂಡು, ಕಾಕನಿಗೆ ಹೇಳಿದೆ:

"ನಲವತ್ತರಲ್ಲಿ ಯಾರೂ ಇಲ್ಲ ಕಾಕ. ಆಮೇಲೆ ಮಾಡಿ."

"ಅದು ನೀವೇ ಮಾರಾಯ್ತಿ, ಎತ್ತಿ! ಊಟ ಆಯ್ತಾ ಅಂತ ಕೇಳ್ಲಿಕ್ಕೆ ಮಾಡಿದ್ದು."