‘ಆತು’ ಅಂದರೆ ಆಯಿತೇ?

ಪೂರ್ತಿ ಕೆಟ್ಟುಹೋದ ಯಂತ್ರದ ಬಗ್ಗೆ ನನಗೆ ಗೌರವವಿದೆ. ಅದು ಸುಳ್ಳು ಹೇಳುವುದಿಲ್ಲ. ನನ್ನ ಪಿತ್ತ ನೆತ್ತಿಗೇರಿಸುವುದು ಎಲ್ಲ ಸರಿಯಿದೆ ಎನ್ನುತ್ತಲೇ ತಪ್ಪು ಮಾಡುವ ಯಂತ್ರ. ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಸುಡುಬೇಸಿಗೆಯಲ್ಲಿ, ಜೇವರ್ಗಿಯ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ನಾನು ಅಂಥದೊಂದರ ಜೊತೆ ಹೆಣಗುತ್ತಿದ್ದೆ.

ಅದು ಕೈಯಲ್ಲಿ ಹಿಡಿದು ಓಡಾಡುವ ಪುಟ್ಟ ಕಂಪ್ಯೂಟರ್. ಮನೆಮನೆಯ ಕರೆಂಟ್ ಮೀಟರ್ ನೋಡಿ ಅಂಕಿ ಒತ್ತಿದರೆ ಅಲ್ಲೇ ಬಿಲ್ಲಿನ ಚೀಟಿ ಬರಬೇಕು. ಅದರೊಳಗಿನ ಕರ್ನಲ್, ಅಂದರೆ ಪ್ರೋಗ್ರಾಮುಗಳ ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ದಾಟಿಸುವ ತಿರುಳನ್ನು, ಹೈದರಾಬಾದಿನ ನಮ್ಮ ಕಂಪನಿಯಲ್ಲಿ ಬರೆದವನು ನಾನು. ಇದನ್ನು ಅಕ್ಕನ ಗಂಡ ಮಾಮಾಗೆ ಹೇಳಿದ್ದೇ ತಪ್ಪಾಯಿತು. “ನನ್ನ ಹೆಂಡ್ತಿ ತಮ್ಮ ಕರ್ನಲ್‌ದಾಗಿನ ತಪ್ಪ ಹುಡುಕಾಕತ್ತಾನ” ಎಂದು ಅವರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸಾರಿಬಿಟ್ಟರು. ಮರುದಿನ ಒಬ್ಬ ಹಿರಿಯರು ಬಂದು, ಮಗನನ್ನು ಮಿಲಿಟರಿಗೆ ಸೇರಿಸಲು ಕರ್ನಲ್ ಸಾಹೇಬರಿಗೆ ಒಂದು ಮಾತು ಹೇಳಬೇಕೆಂದು ಕೈಮುಗಿದು ಹೋದರು.

ಇಲ್ಲಿನ ಪರೀಕ್ಷೆಯಲ್ಲಿ ಗೆದ್ದರೆ ಯಂತ್ರ ಆಳಂದ, ಅಫಜಲಪುರಕ್ಕೂ ಹೋಗಬೇಕಿತ್ತು. ಆದರೆ ಮೀಟರ್ ಓದುವ ಮಹಿಬೂಬ್‌ಸಾಬ್ ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಬಂದರು. “ಏನ್ರಿ ಸಾಹೇಬ್ರ, ನಿಮ್ಮ ಡಬ್ಬಿ ಗೌಡ್ರ ಚೀಟಿ ಮ್ಯಾಲ ಮುಂದಿನ ಮನಿಯವ್ರ ಹೆಸರ ಹೊಡೀತದ. ಅವ್ರಿಬ್ರೂ ಮಾತಾಡಂಗಿಲ್ರಿ. ಇನ್ನ ನಾ ಹೊಡತ ತಿನ್ನೋದೊಂದ ಬಾಕಿ ಅದ.”

ಒಳಗೆ ನಡೆಯುವುದು ಇಷ್ಟೇ. ಓದುವ ಪ್ರೋಗ್ರಾಮು ಮನೆಯವರ ಹೆಸರನ್ನು ಒಂದು ಪಾಟಿಯ ಮೇಲೆ ಬರೆದಂತೆ ಬರೆದಿಟ್ಟು, ಮುದ್ರಿಸು ಎಂದು ಕರ್ನಲ್ ಮೂಲಕ ಹೇಳಿಕಳಿಸುತ್ತದೆ. ಮುದ್ರಿಸುವ ಪ್ರೋಗ್ರಾಮು ‘ಆಯಿತು’ ಎನ್ನುತ್ತದೆ. ಆಮೇಲೆ ಮೊದಲನೆಯದು ಪಾಟಿ ಒರೆಸಿ ಮುಂದಿನ ಮನೆಯ ಹೆಸರು ಬರೆಯುತ್ತದೆ. ನಾನು ಪರೀಕ್ಷಿಸಿದಾಗಲೆಲ್ಲ ಪ್ರತಿ ಮಾತೂ ತಲುಪಿತ್ತು, ಪ್ರತಿ ಮಾತಿಗೂ ಉತ್ತರ ಬಂದಿತ್ತು. ಆಯಿತು, ಆಯಿತು, ಆಯಿತು! ಏನಾಗಿತ್ತು, ನನ್ನ ತಲೆ? ನಡುನಡುವೆ ಕರೆಂಟ್ ಬೇರೆ ಹೋಗುತ್ತಿತ್ತು. ಅಂದು ಸಂಜೆಯೇ ಕರೆಂಟ್ ಆಫೀಸಿನ ದೊಡ್ಡ ಸಾಹೇಬರು ಯಂತ್ರ ನೋಡಲು ಬರುವವರಿದ್ದರು, ಮಾಮಾ ಆ ಸಾಹೇಬರನ್ನು ಊಟಕ್ಕೂ ಕರೆದಿದ್ದರು. ಚೀಟಿ ತಪ್ಪಿದರೆ ಡಬ್ಬಿ ಹೈದರಾಬಾದಿಗೆ ವಾಪಸ್ಸು, ಅದರ ಬೆನ್ನಿಗೆ ನನ್ನ ನೌಕರಿಯೂ.

ಆಗ ಅಕ್ಕ ಬಾಗಿಲಲ್ಲಿ ನಿಂತಳು. “ತಮ್ಮಾ, ಗಿರಣ್ಯಾಗ ಜೋಳ ಕೊಟ್ಟೇನಿ, ಹಿಟ್ಟ ತೊಗೊಂಡ ಬಾ. ಸಾಹೇಬ್ರಿಗೆ ರೊಟ್ಟಿ ಬಡೀಬೇಕು.”

“ಆತು” ಅಂದೆ, ಪರದೆಯಿಂದ ಕಣ್ಣು ತೆಗೆಯದೆ.

ಹೊತ್ತು ಇಳಿದಾಗ ಮತ್ತೆ ಬಂದಳು. “ಹಿಟ್ಟ ಎಲ್ಲಿ ಇಟ್ಟಿಯೋ?”

“ಯಾವ ಹಿಟ್ಟು?”

“ಆತು ಅಂದ್ಯಲ್ಲೋ! ನೀ ತಂದೀ ಅಂತ ಡಬ್ಬ್ಯಾಗ ಇದ್ದದ್ದನ್ನ ಮಗ್ಗಲ ಮನಿಗೆ ಕೊಟ್ಟ ಬಂದೆ. ಒಲಿ ಹಚ್ಚೇನಿ, ಹಂಚ ಕಾಯಾಕತ್ತದ!”

“ಆತು ಅಂದ್ರ ಕೇಳಿಸ್ತು ಅಂತ ಅಕ್ಕ, ತಂದೆ ಅಂತಲ್ಲ” ಎಂದು ಸಿಡುಕಿದವನು ಅಲ್ಲೇ ಎದ್ದು ನಿಂತೆ.

ಮುದ್ರಿಸುವ ಪ್ರೋಗ್ರಾಮು ಮಾಡುತ್ತಿದ್ದದ್ದೂ ಇದನ್ನೇ! ಮಾತು ಕಿವಿಗೆ ಬಿದ್ದ ಕೂಡಲೇ ಆಯಿತು ಎಂದುಬಿಡುತ್ತಿತ್ತು. ಹೈದರಾಬಾದಿನಲ್ಲಿ ಮುದ್ರಣ ಬೇಗ ಮುಗಿಯುತ್ತಿದ್ದರಿಂದ ತಪ್ಪು ಬಯಲಾಗಿರಲಿಲ್ಲ. ಇಲ್ಲಿ ಬಿಸಿಲಿಗೆ ಬ್ಯಾಟರಿ ಸೊರಗಿ ಮುದ್ರಣ ಕುಂಟುವಷ್ಟರಲ್ಲಿ ಪಾಟಿಯ ಮೇಲೆ ಬೇರೆ ಹೆಸರು ಕೂತಿರುತ್ತಿತ್ತು. ಕೇಳಿಸಿಕೊಂಡದ್ದಕ್ಕೂ ಮಾಡಿ ಮುಗಿಸಿದ್ದಕ್ಕೂ ಒಂದೇ ಮಾತು ಕಲಿಸಿದವನು ನಾನೇ. ಅಕ್ಕ ಬೈಯುತ್ತಿದ್ದಂತೆಯೇ ಕೂತು ಎರಡು ಮಾತು ಮಾಡಿದೆ: ಮೊದಲು ‘ಮುಟ್ಟಿತು’, ಕೊನೆಗೆ ‘ಮುಗಿಯಿತು’. ಮುಗಿಯಿತು ಎನ್ನುವವರೆಗೆ ಪಾಟಿ ಒರೆಸುವಂತಿಲ್ಲ.

ಸಾಹೇಬರು ಬಂದರು. ಮಹಿಬೂಬ್‌ಸಾಬ್ ಒತ್ತಿದರು, ಗೌಡರ ಚೀಟಿಗೆ ಗೌಡರ ಹೆಸರೇ ಬಂತು. “ಭಾಳ ಚಲೋ ಆಗೇದ್ರಿ” ಎಂದರು ಸಾಹೇಬರು. ನಾನು ಉಬ್ಬಿಹೋಗಿ ಮುಟ್ಟುವುದಕ್ಕೂ ಮುಗಿಯುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಭಾಷಣ ಶುರುಮಾಡಿದೆ.

“ತಮ್ಮಾ, ಗಿರಣಿ ಬಾಗಲಾ ಹಾಕ್ತಾರ. ಈಗರೆ ಹಿಟ್ಟ ತರ್ತಿಯೇನು?” ಅಕ್ಕ ಒಳಗಿನಿಂದ ಕೂಗಿದಳು.

“ಆತು” ಎಂದು ನಾನು ಭಾಷಣ ಮುಂದುವರಿಸಿದೆ.

ಸ್ವಲ್ಪ ಹೊತ್ತಿಗೆ ಒಳಗೆ ಒಗ್ಗರಣೆ ಚಟಪಟ ಎಂದಿತು. ಸಾಹೇಬರಿಗೆ, ಮಾಮಾಗೆ, ಮಹಿಬೂಬ್‌ಸಾಬರಿಗೆ ರೊಟ್ಟಿಯ ಬದಲು ತಾಟು ತುಂಬ ಚುರುಮುರಿ ನೆನೆಸಿ ಒಗ್ಗರಿಸಿದ ಸುಸಲಾ ಬಂತು. ನನ್ನ ಮುಂದೆ ಮಾತ್ರ ಏನೂ ಬರಲಿಲ್ಲ.

“ಅಕ್ಕಾ, ನಂದು?” ಎಂದೆ.

“ಆತು” ಅಂದಳು ಅಕ್ಕ.